ಮಕ್ಕಳ ರೆಸ್ಪೈಟ್-ಹಾಸ್ಪೈಸ್ ಮನೆ: ಕಟ್ಟಡ ಕೊನೆಗೆ, ಅದಕ್ಕೆ ಮೊದಲು ಮಾಡಬೇಕಾದ್ದು

"ಸುರತ್ಕಲ್ ಹತ್ತಿರ ಹತ್ತು ಸೆಂಟ್ಸ್ ಜಾಗ ಸಿಕ್ಕಿದೆ. ದಾನಿಗಳೂ ಇದ್ದಾರೆ. ಮಕ್ಕಳ ಹಾಸ್ಪೈಸ್ ಕಟ್ಟಬೇಕು ಅಂತ ಇದ್ದೇವೆ. ಪ್ಲಾನ್ ಯಾರ ಹತ್ತಿರ ಮಾಡಿಸುವುದು?"

ಇಂಥ ಫೋನ್ ನನಗೆ ಆಗಾಗ ಬರುತ್ತದೆ. ಊರು ಬೇರೆ, ಪ್ರಶ್ನೆ ಅದೇ. ಆರು ತಿಂಗಳು ಬಿಟ್ಟು ವಿಚಾರಿಸಿದರೆ ಉತ್ತರವೂ ಅದೇ. ಅಡಿಪಾಯ ಎದ್ದಿದೆ, ಹಣ ಮುಗಿದಿದೆ. ಅಥವಾ ಮನೆ ಎದ್ದಿದೆ, ನರ್ಸ್ ಸಿಗುತ್ತಿಲ್ಲ. ಅಥವಾ ಎಲ್ಲವೂ ತಯಾರಿದೆ, ಮಗುವನ್ನು ತಂದು ಬಿಡಲು ಯಾವ ಅಮ್ಮನಿಗೂ ಧೈರ್ಯವಿಲ್ಲ. ನಮ್ಮ ಗುಂಪು ಕೂಡ ಮೊದಲ ಎರಡು ವರ್ಷ ಹೀಗೇ ಎಡವಿತು. ಯಾರೂ ಸೋಮಾರಿಗಳಾಗಿರಲಿಲ್ಲ, ಕೆಲಸದ ಕ್ರಮ ತಪ್ಪಿತ್ತು. ಅದಕ್ಕೇ ಯಾವುದರ ಹಿಂದೆ ಯಾವುದು ಬರಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ರೆಸ್ಪೈಟ್ ಎಂದರೆ ಮನೆಯವರಿಗೆ ಬಿಡುವು. ಹಗಲು ರಾತ್ರಿ ಆರೈಕೆ ಬೇಕಾದ ಮಗುವನ್ನು ಎರಡು ದಿನವೋ ವಾರವೋ ನಾವು ನೋಡಿಕೊಳ್ಳುತ್ತೇವೆ, ಅಷ್ಟು ದಿನ ಅಪ್ಪ ಅಮ್ಮ ಉಸಿರು ಬಿಡುತ್ತಾರೆ. ಹಾಸ್ಪೈಸ್ ಎಂದರೆ ಗುಣವಾಗದ ಕಾಯಿಲೆಯ ಮಗುವಿನ ನೋವು, ಉಸಿರಾಟದ ಕಷ್ಟ, ಹೆದರಿಕೆಗಳನ್ನು ಕಡಿಮೆ ಮಾಡುತ್ತಾ ಕೊನೆಯವರೆಗೆ ಜೊತೆಗಿರುವುದು. ದೊಡ್ಡವರ ಹಾಸ್ಪೈಸ್‌ಗೆ ಹೋಲಿಸಿದರೆ ಇಲ್ಲೊಂದು ದೊಡ್ಡ ವ್ಯತ್ಯಾಸ ಇದೆ. ತೀವ್ರ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದಿರುವುದು), ಡುಶೇನ್ ಮಸ್ಕ್ಯುಲರ್ ಡಿಸ್ಟ್ರೊಫಿ (ಸ್ನಾಯುಗಳು ಸವೆಯುತ್ತಾ ಹೋಗುವ ಕಾಯಿಲೆ) ಇರುವ ಮಕ್ಕಳು ವರ್ಷಗಟ್ಟಲೆ ಬದುಕುತ್ತಾರೆ. ಹಾಗಾಗಿ ನಿಮ್ಮ ಮನೆಯ ಕೆಲಸದಲ್ಲಿ ಹೆಚ್ಚಿನ ಪಾಲು ರೆಸ್ಪೈಟೇ ಆಗಿರುತ್ತದೆ. ಇದನ್ನು ಮರೆತು ಬರೀ "ಕೊನೆಯ ದಿನಗಳ ಮನೆ" ಎಂದು ಬೋರ್ಡ್ ಹಾಕಿದರೆ ಯಾರೂ ಗೇಟು ದಾಟುವುದಿಲ್ಲ.

## ಹಂತ 1: ಜಾಗ ಹುಡುಕುವುದನ್ನು ನಿಲ್ಲಿಸಿ, ಮಕ್ಕಳನ್ನು ಹುಡುಕಿ

ಬೇಕಾದ್ದು: ಒಂದು ನೋಟ್‌ಬುಕ್, ಇಬ್ಬರು ಜನ, ಮೂರು ತಿಂಗಳು.

ನಿಮ್ಮ ತಾಲೂಕಿನಲ್ಲಿ ಇಂಥ ಮಕ್ಕಳು ಎಷ್ಟಿದ್ದಾರೆ, ಯಾವ ಕಾಯಿಲೆ, ಯಾವ ಗ್ರಾಮ ಎಂದು ತಿಳಿಯದೆ ಹಾಸಿಗೆಯ ಲೆಕ್ಕ ಹಾಕಬೇಡಿ. ಈ ಮಕ್ಕಳು ಹೊರಗೆ ಕಾಣಿಸುವುದಿಲ್ಲ. ಶಾಲೆಯಲ್ಲಿ ಇರುವುದಿಲ್ಲ, ಬಸ್ಸಿನಲ್ಲಿ ಇರುವುದಿಲ್ಲ, ಮದುವೆ ಹಾಲ್‌ನಲ್ಲೂ ಇರುವುದಿಲ್ಲ. ಆದರೆ ಅವರ ಮನೆ ಗೊತ್ತಿರುವವರು ಪ್ರತಿ ಊರಲ್ಲೂ ಇದ್ದಾರೆ. ಆಶಾ ಕಾರ್ಯಕರ್ತೆಯರನ್ನು ಕೇಳಿ. ಪಂಚಾಯತಿನಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಪಾಠ ಮಾಡುವ ಸಂಪನ್ಮೂಲ ಶಿಕ್ಷಕರು ಬಿಇಒ ಕಚೇರಿಯಲ್ಲಿ ಸಿಗುತ್ತಾರೆ. ನಮಗೆ ಜಾಸ್ತಿ ದಾರಿ ತೋರಿಸಿದ್ದು ಇವರೇ.

ದಕ್ಷಿಣ ಕನ್ನಡದಲ್ಲಿ ಇನ್ನೊಂದು ಮಾತು. ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳು ಬೆಳ್ತಂಗಡಿ, ಪುತ್ತೂರು ಕಡೆ ಇವೆ. ಕೊಕ್ಕಡ, ಕೊಯಿಲಗಳಲ್ಲಿ ಪೀಡಿತರ ಹಗಲು ಪಾಲನಾ ಕೇಂದ್ರಗಳು ಬಂದವು. ಅಂಥ ಕೇಂದ್ರಕ್ಕೆ ಅನುಮತಿ ಕೇಳಿ ಒಂದು ದಿನ ಪೂರ್ತಿ ಕೂತು ಬನ್ನಿ. ವ್ಯಾನ್ ಹೇಗೆ ಮನೆ ಮನೆ ತಿರುಗುತ್ತದೆ, ಊಟ ಎಷ್ಟು ಹೊತ್ತು ಹಿಡಿಯುತ್ತದೆ, ಒಬ್ಬ ಸಹಾಯಕಿ ಎಷ್ಟು ಮಕ್ಕಳನ್ನು ಎತ್ತುತ್ತಾಳೆ ಎಂದು ಕಣ್ಣಾರೆ ನೋಡಿ. ಆಮೇಲೆ ನಿಮ್ಮ ಪ್ಲಾನ್ ತಾನಾಗಿಯೇ ಬದಲಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಪ್ರತಿ ಮನೆಗೂ ನಾಲ್ಕೇ ಪ್ರಶ್ನೆ ಇರಲಿ. ರಾತ್ರಿ ಎಷ್ಟು ಸಲ ಏಳುತ್ತೀರಿ? ನಿಮಗೆ ಹುಷಾರಿಲ್ಲದಾಗ ಮಗುವನ್ನು ಯಾರು ನೋಡುತ್ತಾರೆ? ಕಳೆದ ಸಲ ಆಸ್ಪತ್ರೆಗೆ ಹೋದದ್ದು ಯಾಕೆ? ಎರಡು ದಿನ ಬಿಡುವು ಸಿಕ್ಕರೆ ಏನು ಮಾಡುತ್ತೀರಿ?

ಬಂಟ್ವಾಳದ ಕಡೆ ಒಂದು ಮನೆಯಲ್ಲಿ ಮೊದಲ ಪ್ರಶ್ನೆಗೆ ಆ ಅಮ್ಮ ಬಾಯಲ್ಲಿ ಉತ್ತರ ಕೊಡಲಿಲ್ಲ. ಸೀರೆಯ ಸೆರಗಿನ ತುದಿ ತೋರಿಸಿದರು. ಅದು ಹಿಂಜಿ ಹಗ್ಗದ ಹಾಗೆ ಆಗಿತ್ತು. ಮಗನಿಗೆ ನಿದ್ದೆಯಲ್ಲಿ ಫಿಟ್ಸ್ ಬರುತ್ತದೆ. ಅವನ ಕಾಲಿಗೆ ಸೆರಗು ಕಟ್ಟಿಕೊಂಡು ಮಲಗುತ್ತಾರೆ, ಎಳೆದರೆ ಎಚ್ಚರ ಆಗಲಿ ಅಂತ. ನಾಲ್ಕು ವರ್ಷದಿಂದ. ಕೊನೆಯ ಪ್ರಶ್ನೆಗೆ, "ಮಲಗುತ್ತೇನೆ" ಅಂದರು. ನಮ್ಮ ಗುಂಪಿನ ಕೆಲಸ ಏನು ಎಂದು ನಮಗೆ ಸರಿಯಾಗಿ ಅರ್ಥವಾದದ್ದು ಆ ದಿನ.

ಎಚ್ಚರಿಕೆ: ಮೂರು ತಿಂಗಳಾದರೂ ನಿಮ್ಮ ಪಟ್ಟಿಯಲ್ಲಿ ಹತ್ತು ಮನೆ ಇಲ್ಲದಿದ್ದರೆ, ಮಕ್ಕಳಿಲ್ಲ ಎಂದು ಅರ್ಥವಲ್ಲ. ನೀವು ಬರೀ ಆಸ್ಪತ್ರೆಗಳಲ್ಲಿ ಕೇಳುತ್ತಿದ್ದೀರಿ ಎಂದರ್ಥ.

## ಹಂತ 2: ಮನೆಗೇ ಹೋಗಿ ಆರೈಕೆ ಶುರು ಮಾಡಿ

ಬೇಕಾದ್ದು: ತರಬೇತಿ ಇರುವ ಒಬ್ಬ ನರ್ಸ್, ಒಂದು ವಾಹನ, ಒಂದು ಚೀಲ.

ನಮ್ಮ ನೆರೆಯ ಕೇರಳದಲ್ಲಿ ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ನರಳಾಟ ಇಳಿಸುವ ಆರೈಕೆ, ಊರೂರಿಗೆ ಹಬ್ಬಿದ್ದು ದೊಡ್ಡ ಕಟ್ಟಡಗಳಿಂದಲ್ಲ, ಮನೆ ಭೇಟಿಯಿಂದ. ನೀವೂ ಹಾಗೇ ಶುರು ಮಾಡಿ. ವಾರಕ್ಕೆ ಎರಡು ದಿನ, ದಿನಕ್ಕೆ ನಾಲ್ಕು ಮನೆ. ಅದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಬರೀ ಹಾಜರಿ ಹಾಕಿ ಬಂದ ಹಾಗಾಗುತ್ತದೆ.

ಚೀಲದಲ್ಲಿ ಥರ್ಮಾಮೀಟರ್, ಪಲ್ಸ್ ಆಕ್ಸಿಮೀಟರ್, ಗಾಯದ ಡ್ರೆಸ್ಸಿಂಗ್ ಸಾಮಾನು, ಗ್ಲೌಸ್, ಮೂಗಿನ ನಳಿಕೆಯ ಊಟಕ್ಕೆ ಬೇಕಾದ ಸಿರಿಂಜ್, ಡಾಕ್ಟರ್ ಬರೆದುಕೊಟ್ಟ ಔಷಧ ಇರಲಿ. ಸ್ವಯಂಸೇವಕರು ಔಷಧ ಮುಟ್ಟಬಾರದು. ಅವರ ಕೆಲಸ ಬೇರೆ. ಮಗು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದೆ ಬೆನ್ನಿನ ಹುಣ್ಣು ಆಗುತ್ತಿದ್ದರೆ ಹೇಗೆ ತಿರುಗಿಸುವುದೆಂದು ತೋರಿಸುವುದು, ನಳಿಕೆಯಲ್ಲಿ ಊಟ ಕೊಡುವಾಗ ತಲೆ ಎತ್ತರದಲ್ಲಿ ಇರಿಸಿ, ಆಮೇಲೂ ಅರ್ಧ ಗಂಟೆ ಹಾಗೇ ಇಡಲು ನೆನಪಿಸುವುದು, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸದಿದ್ದರೆ ಮಾಡಿಸುವುದು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಎಷ್ಟೋ ಮನೆಗೆ ಅದರ ಹೆಸರೇ ಗೊತ್ತಿರುವುದಿಲ್ಲ.

ಈ ಹಂತ ಕನಿಷ್ಠ ಒಂದು ವರ್ಷ ನಡೆಯಲಿ. ಯಾಕೆಂದರೆ ಯಾವ ತಾಯಿಯೂ ಮಗುವನ್ನು ಕಟ್ಟಡಕ್ಕೆ ಒಪ್ಪಿಸುವುದಿಲ್ಲ, ಪರಿಚಯದ ಮನುಷ್ಯರಿಗೆ ಒಪ್ಪಿಸುತ್ತಾಳೆ. ಅವರ ಅಡುಗೆಮನೆಯಲ್ಲಿ ಕೂತು ಚಾ ಕುಡಿದವರಾಗಿದ್ದರೆ ಮಾತ್ರ ನಾಳೆ "ಎರಡು ದಿನ ನಮ್ಮ ಹತ್ತಿರ ಬಿಡಿ ಅಕ್ಕ" ಎನ್ನಬಹುದು.

ಭಾಷೆ ಸಣ್ಣ ವಿಷಯ ಅಂದುಕೊಳ್ಳಬೇಡಿ. ನೋವಾದಾಗ ಮಗು ಶಾಲೆಯ ಕನ್ನಡದಲ್ಲಿ ಅಳುವುದಿಲ್ಲ. ಒಂದು ಮನೆಯಲ್ಲಿ ಬೇನೆ, ಇನ್ನೊಂದು ಮನೆಯಲ್ಲಿ ದುಕ್ತಾ. ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಬಲ್ಲವರು ತಂಡದಲ್ಲಿ ಇರಲೇಬೇಕು.

## ಹಂತ 3: ಬೆನ್ನಿಗೆ ಡಾಕ್ಟರ್, ಬೆನ್ನಿಗೆ ಆಸ್ಪತ್ರೆ

ಮಂಗಳೂರು, ಉಡುಪಿಯಲ್ಲಿ ಇದು ನಮ್ಮ ಅದೃಷ್ಟ. ವೆನ್ಲಾಕ್ ಜಿಲ್ಲಾ ಆಸ್ಪತ್ರೆ ಇದೆ. ಹಲವು ಮೆಡಿಕಲ್ ಕಾಲೇಜುಗಳಿವೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಬೇರೆ ಜಿಲ್ಲೆಯವರಿಗೆ ಇಷ್ಟು ಹತ್ತಿರ ಇಷ್ಟೆಲ್ಲ ಸಿಗುವುದಿಲ್ಲ.

ಆದರೆ ಬಾಯಿಮಾತಿನ ಸಹಕಾರ ನಂಬಿ ಮನೆ ತೆರೆಯಬೇಡಿ. ಬರಹದಲ್ಲಿ ಮೂರು ವಿಷಯ ಪಡೆಯಿರಿ. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ ಡಾಕ್ಟರ್ ಯಾರು? ಮಗುವಿಗೆ ತುರ್ತು ಬಂದರೆ ಯಾವ ಆಸ್ಪತ್ರೆ ಸೇರಿಸಿಕೊಳ್ಳುತ್ತದೆ? ವಾರಕ್ಕೊಮ್ಮೆ ಬಂದು ಪ್ರತಿ ಮಗುವಿನ ಔಷಧ ಪಟ್ಟಿ ನೋಡುವವರು ಯಾರು? ನಮ್ಮ ಮೊದಲ ವರ್ಷದಲ್ಲಿ ಡಾಕ್ಟರೊಬ್ಬರು "ಯಾವಾಗ ಬೇಕಾದರೂ ಫೋನ್ ಮಾಡಿ" ಅಂದಿದ್ದರು. ಅವರು ಊರಲ್ಲಿಲ್ಲದ ಒಂದು ಭಾನುವಾರ ರಾತ್ರಿ ಮಗುವಿಗೆ ಉಸಿರು ಕಟ್ಟಿತು. ಯಾರಿಗೆ ಹೇಳುವುದೆಂದು ತಿಳಿಯದೆ ಇಪ್ಪತ್ತು ನಿಮಿಷ ಕಳೆದೆವು. ತಪ್ಪು ಅವರದ್ದಲ್ಲ. ಎರಡನೇ ಹೆಸರು ಬರೆದಿಟ್ಟುಕೊಳ್ಳದ್ದು ನಮ್ಮ ತಪ್ಪು. ಆ ಮಗು ಉಳಿಯಿತು, ಆದರೆ ಆ ಇಪ್ಪತ್ತು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ.

ಮಾರ್ಫಿನ್ ವಿಷಯ ಈ ಹಂತದಲ್ಲೇ ಇತ್ಯರ್ಥ ಮಾಡಿ. ಜೋರು ನೋವಿಗೆ ಅದು ಬೇಕೇ ಬೇಕು. 2014ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಮೊದಲಿನ ಹಾಗೆ ಬೇರೆ ಬೇರೆ ಲೈಸೆನ್ಸ್ ಹಿಂದೆ ಓಡಬೇಕಿಲ್ಲ. ರಾಜ್ಯದ ಔಷಧ ನಿಯಂತ್ರಕರಿಂದ "ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ" ಎಂಬ ಒಪ್ಪಿಗೆ ಪಡೆದರೆ ಸಾಕು. ಅದಕ್ಕೆ ತರಬೇತಿ ಪಡೆದ ಡಾಕ್ಟರ್ ಬೇಕು, ದಾಸ್ತಾನು ಪುಸ್ತಕ ಬೇಕು, ಬೀಗ ಹಾಕುವ ಕಪಾಟು ಬೇಕು. ಶಿಫ್ಟ್ ಬದಲಾಗುವಾಗ ಇಬ್ಬರು ಸೇರಿ ಎಣಿಸಿ ಸಹಿ ಹಾಕಬೇಕು. ಒಂದು ಮಾತ್ರೆ ಲೆಕ್ಕ ತಪ್ಪಿದರೂ ಅವತ್ತೇ ಹುಡುಕಿ.

ಮನೆಯವರು ಮಾರ್ಫಿನ್ ಎಂದರೆ ಹೆದರುತ್ತಾರೆ. "ಅಮಲು ಹಿಡಿಯುತ್ತದಾ?", "ಬೇಗ ಸಾಯುತ್ತಾನಾ?" ಎಂದು ಕೇಳುತ್ತಾರೆ. ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಅದು ನೋವು ಇಳಿಸುತ್ತದೆ, ಆಯುಷ್ಯ ಕಡಿಮೆ ಮಾಡುವುದಿಲ್ಲ ಎಂದು ಡಾಕ್ಟರೇ ಕೂರಿಸಿಕೊಂಡು ಹೇಳಬೇಕು. ಜೊತೆಗೆ ಮಲಬದ್ಧತೆ ಆಗುತ್ತದೆ ಎಂಬುದನ್ನೂ ಮೊದಲೇ ಹೇಳಿ, ಅದಕ್ಕೆ ಔಷಧವನ್ನೂ ಜೊತೆಯಲ್ಲೇ ಶುರು ಮಾಡಿಸಬೇಕು.

## ಹಂತ 4: ಕಾಗದಪತ್ರ

ಇಲ್ಲಿ ಬೇಗ ಬೇಗ ಹೇಳುತ್ತೇನೆ, ಆದರೆ ಯಾವುದನ್ನೂ ಬಿಡಬೇಡಿ.

ಹೊಸ ಸಂಸ್ಥೆ ಹುಟ್ಟಿಸಲು ಅವಸರ ಬೇಡ. ಮೊದಲ ಒಂದೆರಡು ವರ್ಷ ಒಳ್ಳೆಯ ಹೆಸರಿರುವ ಹಳೆಯ ಟ್ರಸ್ಟಿನ ಅಡಿಯಲ್ಲಿ ಕೆಲಸ ಮಾಡಿ. ಆಮೇಲೆ ನಿಮ್ಮದೇ ಬೇಕಾದರೆ ಟ್ರಸ್ಟ್ ಆದರೆ ಸಬ್ ರಿಜಿಸ್ಟ್ರಾರ್ ಕಚೇರಿ, ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಮಂದಿ. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗಲು ಆದಾಯ ತೆರಿಗೆ ಇಲಾಖೆಯ ನೋಂದಣಿ, ಕಂಪನಿಗಳ ಹಣ ಬರಲು ಸಿಎಸ್‌ಆರ್-1 ನೋಂದಣಿ ಬೇಕು.

ಮಗುವಿಗೆ ಚಿಕಿತ್ಸೆ ಕೊಡುವ ಜಾಗ ಆದ್ದರಿಂದ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಗೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಹೋಗಿ. ಸೂಜಿ, ಡ್ರೆಸ್ಸಿಂಗ್, ನಳಿಕೆಗಳ ಕಸಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಗಳ ವಿಂಗಡಣೆಯನ್ನು ಆಯಾಗಳಿಗೂ ಕಲಿಸಬೇಕು. ಅಂಗವಿಕಲರಿಗಾಗಿ ಸಂಸ್ಥೆ ನಡೆಸುವವರಿಗೆ 2016ರ ಕಾಯ್ದೆಯಡಿ ಬೇರೆಯೇ ನೋಂದಣಿ ಇದೆ. ಮಕ್ಕಳು ರಾತ್ರಿ ಉಳಿಯುವುದರಿಂದ, ನಿಮ್ಮ ಮನೆ 2015ರ ಬಾಲನ್ಯಾಯ ಕಾಯ್ದೆಯ ಅಡಿ ಬರುತ್ತದೆಯೇ ಎಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ ಬರೆದು, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. "ಅಪ್ಪ ಅಮ್ಮ ಇದ್ದಾರಲ್ಲ, ನಮಗೆ ಬೇಡ" ಎಂದು ನೀವೇ ತೀರ್ಮಾನಿಸಬೇಡಿ.

ನಮ್ಮ ಕರಾವಳಿಯಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ: ಗಲ್ಫ್ ಹಣ. ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ನಿಮ್ಮ ಭಾವನ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕೊಟ್ಟರೆ ತೊಂದರೆ ಇಲ್ಲ. ಆದರೆ ವಿದೇಶಿ ಪಾಸ್‌ಪೋರ್ಟ್ ಇರುವವರು ಕೊಟ್ಟರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳ ಕಾರ್ಡ್) ಇದ್ದರೂ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಇಲ್ಲದೆ ಒಂದು ರೂಪಾಯಿಯೂ ತೆಗೆದುಕೊಳ್ಳುವಂತಿಲ್ಲ. ರಶೀದಿ ಬರೆಯುವ ಮೊದಲೇ ಕೇಳಿ. ಮುಜುಗರ ಬೇಡ, ಇದು ಕಾನೂನು.

## ಹಂತ 5: ನರ್ಸ್‌ಗಳ ಲೆಕ್ಕ ಹಾಕಿ, ಆಮೇಲೆ ಹಣದ ಲೆಕ್ಕ

ಬೇಕಾದ್ದು: ಪೆನ್ನು, ಕಾಗದ, ಧೈರ್ಯ.

ಅರ್ಧಕ್ಕೆ ನಿಂತ ಗುಂಪುಗಳು ಹೆಚ್ಚಾಗಿ ಇಲ್ಲೇ ನಿಂತದ್ದು. ಹಾಗಾಗಿ ನಿಧಾನವಾಗಿ ನೋಡೋಣ.

ವಾರಕ್ಕೆ 168 ಗಂಟೆ. ಒಬ್ಬ ನರ್ಸ್ ವಾರಕ್ಕೆ 48 ಗಂಟೆ ಕೆಲಸ ಮಾಡಬಹುದು. ಭಾಗಿಸಿದರೆ ಮೂರೂವರೆ. ರಜೆ, ಜ್ವರ, ಊರ ಜಾತ್ರೆ, ಮದುವೆ ಎಲ್ಲ ಸೇರಿಸಿದರೆ ಐದು. ಅಂದರೆ ಮನೆಯಲ್ಲಿ ಯಾವಾಗಲೂ *ಒಬ್ಬರೇ ಒಬ್ಬರು* ನರ್ಸ್ ಇರಬೇಕಾದರೂ ಐದು ಜನಕ್ಕೆ ಸಂಬಳ ಕೊಡಬೇಕು. ಮಗುವನ್ನು ಎತ್ತಲು, ಸ್ನಾನ ಮಾಡಿಸಲು ಜೊತೆಗೆ ಒಬ್ಬ ಆಯಾ ಬೇಕಲ್ಲ, ಅದಕ್ಕೆ ಇನ್ನೂ ಐದು. ಹಾಸಿಗೆ ಒಂದಿರಲಿ, ನಾಲ್ಕಿರಲಿ, ಈ ಹತ್ತು ಸಂಬಳ ತಪ್ಪುವುದಿಲ್ಲ.

ಕಟ್ಟಡಕ್ಕೆ ಹಣ ಕೊಡುವವರು ಸಿಗುತ್ತಾರೆ. ಅಮೃತಶಿಲೆಯ ಮೇಲೆ ಹೆಸರು ಬರುತ್ತದೆ. ಬರುವ ವರ್ಷದ ಆಗಸ್ಟ್ ತಿಂಗಳ ನರ್ಸ್ ಸಂಬಳಕ್ಕೆ ಕೊಡುವವರು ಸಿಗುವುದು ಕಷ್ಟ. ಹಾಗಾಗಿ ನಾನು ಹೇಳುವ ನಿಯಮ ಇದು: ಹನ್ನೆರಡು ತಿಂಗಳ ಪೂರ್ತಿ ಖರ್ಚು ಬ್ಯಾಂಕಿನಲ್ಲಿ ಎಫ್‌ಡಿ ಆಗುವವರೆಗೆ ಒಂದು ಕೆಂಪುಕಲ್ಲನ್ನೂ ಇಳಿಸಬೇಡಿ. ಕಲ್ಲಿಗೆ ಹಣ ಕೊಡುತ್ತೇನೆ ಎನ್ನುವ ದಾನಿಗೆ, "ಒಂದು ರಾತ್ರಿಯ ಆರೈಕೆಗೆ ಕೊಡಿ" ಎಂದು ಕೇಳಿ ನೋಡಿ. ನಾವು ಒಂದು ರಾತ್ರಿಗೆ ಎಷ್ಟಾಗುತ್ತದೆಂದು ಬಿಡಿಸಿ ಬರೆದು ತೋರಿಸಿದೆವು. ನರ್ಸ್ ಎಷ್ಟು, ಆಯಾ ಎಷ್ಟು, ಹಾಲು ಗಂಜಿ ಎಷ್ಟು, ಕರೆಂಟು ಎಷ್ಟು. ಮಗಳ ಹುಟ್ಟುಹಬ್ಬಕ್ಕೆ ವರ್ಷಾ ವರ್ಷ ಒಂದು ರಾತ್ರಿ ಕೊಡುವ ಮನೆಗಳು ಈಗ ನಮ್ಮ ಜೊತೆ ಇವೆ.

ಅಷ್ಟು ಹಣ ಸದ್ಯಕ್ಕೆ ಇಲ್ಲವೇ? ವಾರಾಂತ್ಯದ ರೆಸ್ಪೈಟ್‌ನಿಂದ ಶುರು ಮಾಡಿ. ಶುಕ್ರವಾರ ಸಂಜೆ 6ರಿಂದ ಸೋಮವಾರ ಬೆಳಿಗ್ಗೆ 6ರವರೆಗೆ 60 ಗಂಟೆ, ಹನ್ನೆರಡು ಗಂಟೆಯ ಐದು ಶಿಫ್ಟ್. ಮೂವರು ನರ್ಸ್, ಮೂವರು ಆಯಾ ಸಾಕು. ಬಾಡಿಗೆ ಮನೆ ಸಾಕು. ಎರಡು ಮಕ್ಕಳು ಸಾಕು. ಹೀಗೆ ಆರು ತಿಂಗಳು ನಡೆಸಿದರೆ ದೊಡ್ಡ ಮನೆಗೆ ಬೇಕಾದ ಅರ್ಧ ಪಾಠ ಕಲಿತಿರುತ್ತೀರಿ.

ಎಚ್ಚರಿಕೆ: "ರಾತ್ರಿ ಸ್ವಯಂಸೇವಕರು ನೋಡಿಕೊಳ್ಳುತ್ತಾರೆ, ನರ್ಸ್ ಬೇಡ" ಎಂದು ಯಾರಾದರೂ ಸಭೆಯಲ್ಲಿ ಹೇಳಿದರೆ ಅಲ್ಲೇ ನಿಲ್ಲಿಸಿ. ಫಿಟ್ಸ್ ಐದು ನಿಮಿಷ ದಾಟಿದರೆ ಅದು ತುರ್ತು. ಆ ಹೊತ್ತಿಗೆ ಔಷಧ ಕೊಡಲು ಕಲಿತ ಕೈ ಮನೆಯೊಳಗೆ ಇರಬೇಕು.

## ಹಂತ 6: ಯಾರನ್ನು ಒಳಗೆ ಬಿಡಬೇಕು

ಸ್ವಯಂಸೇವಕರಿಗೆ ತರಬೇತಿ, ಪೊಲೀಸ್ ವೆರಿಫಿಕೇಶನ್ ಎರಡೂ ಕಡ್ಡಾಯ. ವೆರಿಫಿಕೇಶನ್‌ಗೆ ಸೇವಾಸಿಂಧುವಿನಲ್ಲೇ ಅರ್ಜಿ ಹಾಕಬಹುದು. ಅಧ್ಯಕ್ಷರ ತಮ್ಮನಾದರೂ, ಚರ್ಚಿನ ಫಾದರ್ ಆದರೂ, ನೀವೇ ಆದರೂ ಬಿಡುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡಿ.

ಮಾತಾಡಲು ಬಾರದ ಮಗುವಿಗೆ ದೂರು ಕೊಡಲೂ ಬರುವುದಿಲ್ಲ. ಹಾಗಾಗಿ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಮಗುವಿನ ಜೊತೆ ಇರಬಾರದು. ಸ್ನಾನ, ಬಟ್ಟೆ ಬದಲಾವಣೆ ಯಾವಾಗಲೂ ಇಬ್ಬರು. ಲೈಂಗಿಕ ದೌರ್ಜನ್ಯದ ಸಂಶಯ ಬಂದರೆ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿಸುವುದು ಕಡ್ಡಾಯ, ಸಂಸ್ಥೆಯ ಮರ್ಯಾದೆ ನೋಡಿ ಒಳಗೇ ಮುಚ್ಚುವಂತಿಲ್ಲ. ಮಕ್ಕಳ ಸಹಾಯವಾಣಿಯ 1098 ನಂಬರ್ ಗೋಡೆಯ ಮೇಲೆ ದೊಡ್ಡದಾಗಿ ಇರಲಿ.

ಫೋಟೋ ವಿಷಯ. ಹಣ ಎತ್ತಲು ಮಗುವಿನ ಮುಖ ಹಾಕಬೇಡಿ. ಅಪ್ಪ ಅಮ್ಮ ಸಹಿ ಹಾಕಿಕೊಟ್ಟರೂ ಬೇಡ ಎಂಬುದು ನನ್ನ ಅಭಿಪ್ರಾಯ. ನಮ್ಮ ಸಹಾಯದ ಮೇಲೆ ನಿಂತಿರುವವರು ನಮಗೆ ಇಲ್ಲ ಎನ್ನುವುದು ಹೇಗೆ?

ಹುಟ್ಟುಹಬ್ಬಕ್ಕೆ ಕೇಕ್, ಚಾಕಲೇಟ್ ಹಿಡಿದು ಬರುವ ಕಾಲೇಜು ಮಕ್ಕಳನ್ನು ಪ್ರೀತಿಯಿಂದಲೇ ಗೇಟಿನಲ್ಲಿ ನಿಲ್ಲಿಸಿ ಮಾತಾಡಿ. ನುಂಗಲು ಕಷ್ಟ ಇರುವ ಮಗುವಿಗೆ ಒಂದು ತುಂಡು ಕೇಕ್ ಶ್ವಾಸನಾಳಕ್ಕೆ ಹೋಗಿ ಅಪಾಯ ಆಗಬಹುದು. ಅವರ ಉತ್ಸಾಹಕ್ಕೆ ಕೆಲಸ ಇದೆ: ಬಟ್ಟೆ ಮಡಚುವುದು, ತೋಟ ನೋಡುವುದು, ಕಾಯಿಲೆಯ ಮಗುವಿನ ಅಣ್ಣನನ್ನೋ ತಂಗಿಯನ್ನೋ ಪಣಂಬೂರು ಬೀಚಿಗೆ ಕರೆದುಕೊಂಡು ಹೋಗುವುದು. ಮನೆಯಲ್ಲಿ ಯಾರೂ ಗಮನಿಸದೆ ಬೆಳೆಯುವ ಮಗು ಅದು.

## ಹಂತ 7: ಈಗ ಮನೆ

ಮನೆಯನ್ನು ಎರಡು ಸಲ ನೋಡಿ. ಮೇ ತಿಂಗಳಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ. ಮೇ ತಿಂಗಳಲ್ಲಿ ಬಾವಿಗೆ ಇಣುಕಿ. ತುಂಬೆ ಅಣೆಕಟ್ಟಿನಲ್ಲೋ ಬಜೆ ಅಣೆಕಟ್ಟಿನಲ್ಲೋ ನೀರು ಇಳಿದು ನಲ್ಲಿ ದಿನ ಬಿಟ್ಟು ದಿನ ಬಂದರೂ ನಿಮ್ಮ ಮನೆಯಲ್ಲಿ ದಿನಾ ಮಕ್ಕಳ ಸ್ನಾನ, ಬಟ್ಟೆ ಆಗಲೇಬೇಕು. ಜುಲೈಯಲ್ಲಿ ಗೋಡೆ ಮುಟ್ಟಿ ನೋಡಿ. ಬೂಷ್ಟು ಹಿಡಿದ ಕೋಣೆ ಉಸಿರಾಟದ ತೊಂದರೆ ಇರುವ ಮಗುವಿಗೆ ಆಗದು. ನಮಗೆ ಒಬ್ಬರು ಹಂಚಿನ ಮನೆ ಉಚಿತವಾಗಿ ಕೊಟ್ಟಿದ್ದರು. ನಾವು ನೋಡಿದ್ದು ಜನವರಿಯಲ್ಲಿ. ಜೂನ್ ಎರಡನೇ ವಾರ ಗೇಟಿನ ತನಕದ ಮಣ್ಣು ರಸ್ತೆ ಕುಸಿದು ಆಂಬುಲೆನ್ಸ್ ಬರುವ ದಾರಿಯೇ ಹೋಯಿತು. ಉಚಿತ ಎಂದು ಒಪ್ಪಿಕೊಂಡದ್ದಕ್ಕೆ ಆ ವರ್ಷ ಪೂರ್ತಿ ಕಳೆದುಕೊಂಡೆವು.

ಅಳತೆಗಳು ಟೇಪ್ ಹಿಡಿದು ನೋಡಿ. ಬಾಗಿಲು 90 ಸೆಂಟಿಮೀಟರ್ ತೆರವಾಗಿ ಇರಬೇಕು. ವೀಲ್‌ಚೇರ್ ತಿರುಗಲು ಒಂದೂವರೆ ಮೀಟರ್ ಜಾಗ ಬೇಕು. ಇಳಿಜಾರು 12ಕ್ಕೆ 1. ಅಂದರೆ ಜಗಲಿ ಮೂರು ಮೆಟ್ಟಿಲು ಎತ್ತರ, ಸುಮಾರು 45 ಸೆಂಟಿಮೀಟರ್ ಇದ್ದರೆ ರ‍್ಯಾಂಪ್ 5.4 ಮೀಟರ್ ಉದ್ದ ಆಗುತ್ತದೆ. ಅಷ್ಟು ಅಂಗಳ ಇದೆಯಾ? ಸುಮ್ನೆ ಹಲಗೆ ಇಟ್ಟು ನೂಕುವುದು ಮಳೆಗಾಲದಲ್ಲಿ ನಡೆಯುವುದಿಲ್ಲ, ಜಾರುತ್ತದೆ.

ಕರೆಂಟು. ಮಳೆಗಾಲದಲ್ಲಿ ಮರ ಬಿದ್ದರೆ ಮೆಸ್ಕಾಂನವರು ಎಷ್ಟು ಬೇಗ ಬಂದರೂ ಕೆಲವು ತಾಸು ಹೋಗುತ್ತದೆ. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಐದು ಲೀಟರಿನ ಆಕ್ಸಿಜನ್ ಕಾನ್ಸೆಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. 150 ಆ್ಯಂಪಿಯರ್-ಅವರ್ ಬ್ಯಾಟರಿ ಒಂದಿದ್ದರೆ ಆ ಒಂದು ಯಂತ್ರಕ್ಕೇ ಮೂರು ತಾಸು, ಅಷ್ಟೇ. ಆದ್ದರಿಂದ ತುಂಬಿದ ಸಿಲಿಂಡರ್ ಇರಲೇಬೇಕು. ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ, ನಿಮಿಷಕ್ಕೆ ಎರಡು ಲೀಟರಿನಂತೆ ಕೊಟ್ಟರೆ ಹನ್ನೆರಡು ತಾಸು. ಕಫ ಎಳೆಯುವ ಸಕ್ಷನ್ ಯಂತ್ರದ ಜೊತೆಗೆ ಕಾಲಲ್ಲಿ ಒತ್ತುವ ಪಂಪ್ ಕೂಡ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಮೈನ್ ಸ್ವಿಚ್ ಆಫ್ ಮಾಡಿ, ಕತ್ತಲಲ್ಲಿ ಯಾರು ಯಾವುದಕ್ಕೆ ಓಡುತ್ತಾರೆ ಎಂದು ನೋಡಿ.

ಪ್ಲಾನ್‌ನಲ್ಲಿ ಯಾರಿಗೂ ಹೊಳೆಯದ ಕೋಣೆ ಒಂದಿದೆ: ಬಟ್ಟೆ ಒಣಗಿಸುವ ಕೋಣೆ. ನಾಲ್ಕು ಮಕ್ಕಳಿಗೆ ದಿನಕ್ಕೆ ಮೂರರಂತೆ ಹನ್ನೆರಡು ಬೆಡ್‌ಶೀಟ್. ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಒಂದು ಒಣಗಲು ಐದು ದಿನ ಹಿಡಿದರೆ ಅರವತ್ತು ಬೇಕು. ಫ್ಯಾನ್ ಇರುವ, ಗಾಳಿಯಾಡುವ ಕೋಣೆಯೊಂದನ್ನು ಇದಕ್ಕೇ ಬಿಡಿ. ಒದ್ದೆ ಬಟ್ಟೆಯ ಮೇಲೆ ಮಲಗಿದ ಮಗುವಿಗೆ ಹುಣ್ಣಾಗಲು ಹೆಚ್ಚು ಹೊತ್ತು ಬೇಡ.

ಆಸ್ಪತ್ರೆ ಅರ್ಧ ಗಂಟೆಯೊಳಗೆ ಇರಲಿ. ತಂದೆ ತಾಯಿ ಉಳಿಯಲು ಒಂದು ಕೋಣೆ ಇರಲಿ. ಅಡುಗೆಮನೆ ಅವರಿಗೂ ತೆರೆದಿರಲಿ.

## ಹಂತ 8: ಮೊದಲ ತಂಗುವಿಕೆ, ಅಮ್ಮನ ಪುಸ್ತಕ

ಮೊದಲ ಸಲ ಮಗು ಒಂದು ಹಗಲು ಮಾತ್ರ ಇರಲಿ, ಅಮ್ಮನ ಜೊತೆ. ಎರಡನೇ ಸಲ ಒಂದು ರಾತ್ರಿ, ಅಮ್ಮ ಪಕ್ಕದ ಕೋಣೆಯಲ್ಲಿ. ಮೂರನೇ ಸಲ ಅಮ್ಮ ಮನೆಗೆ ಹೋಗಬಹುದು. ಈ ಕ್ರಮ ಹಾರಿಸಬೇಡಿ.

ಪ್ರತಿ ಮಗುವಿಗೂ ಒಂದು ಪುಸ್ತಕ. ಔಷಧದ ಹೆಸರು, ಪ್ರಮಾಣ, ಹೊತ್ತು ಡಾಕ್ಟರ್ ಚೀಟಿ ನೋಡಿಯೇ ಬರೆಯಿರಿ. ಉಳಿದದ್ದು ಅಮ್ಮನ ಬಾಯಿಂದ ಬರಬೇಕು. ನಮ್ಮಲ್ಲಿ ಎರಡನೇ ತಿಂಗಳು ಬಂದ ಒಬ್ಬ ಹುಡುಗ ಇಡೀ ದಿನ ಬಾಯಿ ತೆರೆಯಲಿಲ್ಲ. ಪುಸ್ತಕದಲ್ಲಿ "ರಾಗಿ ಮಣ್ಣಿ, ದಿನಕ್ಕೆ ನಾಲ್ಕು ಸಲ" ಎಂದಷ್ಟೇ ಬರೆದಿದ್ದೆವು. ಮಣ್ಣಿ ಸರಿಯಾಗಿಯೇ ಇತ್ತು. ಸಂಜೆ ಅಮ್ಮನಿಗೆ ಫೋನ್ ಮಾಡಿದಾಗ ಕೇಳಿದರು, "ನೀವು ಯಾವ ಬದಿಯಲ್ಲಿ ಕೂತಿದ್ದೀರಿ?" ಅವನಿಗೆ ಬಲಗಡೆ ಕಣ್ಣು ಕಾಣುವುದಿಲ್ಲ. ಚಮಚ ಬರುವುದು ಕಾಣದೆ ತುಟಿಗೆ ತಾಗಿದರೆ ಬೆಚ್ಚಿ ಬಾಯಿ ಬಿಗಿಯುತ್ತಾನೆ. ಎಡಗಡೆ ಕೂತು, ಮೊದಲು ಚಮಚ ತೋರಿಸಿ, ಹೆಸರು ಕರೆದು ಕೊಟ್ಟೆವು. ಬಟ್ಟಲು ಖಾಲಿಯಾಯಿತು.

ಅವತ್ತಿನಿಂದ ಪುಸ್ತಕದಲ್ಲಿ ಹೊಸ ಪುಟಗಳು ಬಂದವು. ಯಾವ ಬದಿ ಕೂರಬೇಕು. ಯಾವ ಸದ್ದಿಗೆ ಹೆದರುತ್ತಾನೆ. ನಿದ್ದೆಗೆ ಮೊದಲು ಏನು ಬೇಕು. ಖುಷಿಯಾದಾಗ ಏನು ಮಾಡುತ್ತಾನೆ. ನೋವಾದಾಗ ಏನು ಮಾಡುತ್ತಾನೆ.

ನೋವು ಅಳೆಯಲು ಫ್ಲ್ಯಾಕ್ ಎಂಬ ಪಟ್ಟಿ ಇದೆ. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ ಆಗುತ್ತದೋ ಇಲ್ಲವೋ, ಈ ಐದಕ್ಕೂ 0ರಿಂದ 2 ಅಂಕ, ಒಟ್ಟು 10. ಮಾತು ಬಾರದ ಮಕ್ಕಳಿಗೆ ಇದು ತುಂಬ ಉಪಯೋಗ. ನಮ್ಮಲ್ಲಿ 4 ಬಂದರೆ ನರ್ಸ್ ಡಾಕ್ಟರಿಗೆ ಫೋನ್ ಮಾಡಬೇಕು. ಆದರೆ ಅಂಕ 2 ಇದ್ದು ಅಮ್ಮ "ಇವಳಿಗೆ ಎಲ್ಲೋ ನೋಯುತ್ತಿದೆ" ಎಂದರೆ ಅಮ್ಮನನ್ನೇ ನಂಬಿ.

ಎಚ್ಚರಿಕೆ: ಮಗು ಮನೆಗೆ ಹೋಗುವಾಗ ಬಂದಾಗ ಇಲ್ಲದ ಕೆಂಪು ಗುರುತು, ಕಡಿಮೆಯಾದ ತೂಕ, ತಪ್ಪಿದ ಒಂದು ಡೋಸ್ ಏನಿದ್ದರೂ ನೀವೇ ಮೊದಲು ಹೇಳಿ, ಪುಸ್ತಕದಲ್ಲಿ ಬರೆಯಿರಿ. ಅಮ್ಮ ಮನೆಯಲ್ಲಿ ಬಟ್ಟೆ ಬಿಚ್ಚಿದಾಗ ಕಂಡುಹಿಡಿದರೆ ಆ ಮನೆ ಮತ್ತೆ ಬರುವುದಿಲ್ಲ, ಪಕ್ಕದ ಮನೆಯೂ ಬರುವುದಿಲ್ಲ.

## ಹಂತ 9: ಕೊನೆಯ ದಿನಗಳು

ಇದಕ್ಕೆ ಮೊದಲ ಎಂಟು ಹಂತ ಗಟ್ಟಿಯಾದ ಮೇಲೆಯೇ ಕೈ ಹಾಕಿ. ಕನಿಷ್ಠ ಒಂದು ವರ್ಷ ರೆಸ್ಪೈಟ್ ನಡೆಸಿರಬೇಕು.

ಮಾತು ಮೊದಲೇ ಆಗಬೇಕು. ಕೊನೆಗೆ ಎಲ್ಲಿರಲು ಇಷ್ಟ, ಮನೆಯಲ್ಲಾ, ಇಲ್ಲಾ, ಆಸ್ಪತ್ರೆಯಲ್ಲಾ? ಐಸಿಯು ಬೇಕಾ? ಇದನ್ನು ಡಾಕ್ಟರ್, ನರ್ಸ್, ಅಪ್ಪ ಅಮ್ಮ ಒಟ್ಟಿಗೆ ಕೂತು ಮಾತಾಡಿ ಬರೆದಿಡಬೇಕು. ಬರೆದದ್ದನ್ನು ಅವರು ಯಾವ ಗಳಿಗೆಯಲ್ಲೂ ಬದಲಾಯಿಸಬಹುದು. ಅಜ್ಜಿಗೋ ಚಿಕ್ಕಪ್ಪನಿಗೋ ವಿಷಯ ಗೊತ್ತಿಲ್ಲದಿದ್ದರೆ ಕೊನೆಯ ರಾತ್ರಿ ಅವರು ಬಂದು ಜಗಳ ಆಗುತ್ತದೆ. ಅವರನ್ನೂ ಒಂದು ದಿನ ಕರೆಸಿ.

ಮಗು ಕೇಳಿದರೆ ಸುಳ್ಳು ಹೇಳಬೇಡಿ. "ನಾನು ಸಾಯುತ್ತೇನಾ?" ಎಂದು ಕೇಳಿದ ಮಗುವಿಗೆ ತಕ್ಷಣ ಉತ್ತರ ಬೇಕಿರುವುದಿಲ್ಲ. "ನಿನಗೆ ಯಾಕೆ ಹಾಗೆ ಅನಿಸಿತು, ಮಗಾ?" ಎಂದು ಕೇಳಿ, ಪಕ್ಕದಲ್ಲಿ ಕೂತುಕೊಳ್ಳಿ. ಹೆಚ್ಚಿನ ಸಲ ಅದು ಕೇಳುವುದು ಅಮ್ಮ ಒಬ್ಬಳೇ ಆಗುತ್ತಾಳಾ, ನೋವಾಗುತ್ತದಾ ಎಂಬುದನ್ನು.

ಜೀವ ಹೋದ ಮೇಲೆ ಡಾಕ್ಟರ್ ಬಂದು ಖಚಿತಪಡಿಸಿ ಕಾರಣದ ಪ್ರಮಾಣಪತ್ರ ಕೊಡಬೇಕು. 21 ದಿನದೊಳಗೆ ಮರಣ ನೋಂದಣಿ ಆಗಬೇಕು. ಆ ಓಡಾಟ ನಿಮ್ಮ ತಂಡದ ಒಬ್ಬರು ಮಾಡಲಿ, ಅಪ್ಪನ ಮೇಲೆ ಹಾಕಬೇಡಿ. ಸ್ನಾನ ಮಾಡಿಸಲು ನೀರಿನ ವ್ಯವಸ್ಥೆ ಇರುವ, ಮರೆಯಿರುವ ಜಾಗ ಮೊದಲೇ ಗೊತ್ತು ಮಾಡಿರಿ. ದೀಪ ಹಚ್ಚುವವರು, ಪ್ರಾರ್ಥನೆ ಹೇಳುವವರು, ಕುರ್‌ಆನ್ ಓದುವವರು ಎಲ್ಲರೂ ನಿಮ್ಮ ಮನೆಗೆ ಬರುತ್ತಾರೆ. ಯಾರನ್ನೂ ಅವಸರ ಮಾಡಬೇಡಿ. ಅಮ್ಮ ಮಡಿಲಲ್ಲಿ ಇಟ್ಟುಕೊಂಡು ಎರಡು ತಾಸು ಕೂರಬೇಕೆಂದರೆ ಕೂರಲಿ.

ಮಗುವಿನ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡಬೇಡಿ. ಮೊದಲು ಕೇಳಿ. ಮಗುವಿನ ವಾಸನೆ ಅದರಲ್ಲಿ ಇರುತ್ತದೆ, ಎಷ್ಟೋ ಅಮ್ಮಂದಿರಿಗೆ ಅದು ಬೇಕು. ನಾವು ಒಮ್ಮೆ ಗೊತ್ತಿಲ್ಲದೆ ಒಗೆದು ಕೊಟ್ಟೆವು. ಅವರು ಅಂಗಿಯನ್ನು ಮೂಗಿನ ಹತ್ತಿರ ಹಿಡಿದು, ಏನೂ ಹೇಳದೆ ಮಡಚಿ ಚೀಲಕ್ಕೆ ಹಾಕಿಕೊಂಡರು.

ಒಂದು ವಾರಕ್ಕೆ, ಒಂದು ತಿಂಗಳಿಗೆ, ಮೊದಲ ಹುಟ್ಟುಹಬ್ಬಕ್ಕೆ, ವರ್ಷದ ದಿನಕ್ಕೆ ಆ ಮನೆಗೆ ಹೋಗಿ. ಇವು ನಾಲ್ಕೂ ಕ್ಯಾಲೆಂಡರಿನಲ್ಲಿ ಅವತ್ತೇ ಗುರುತು ಹಾಕಿ, ಯಾರು ಹೋಗುವುದು ಎಂದು ಹೆಸರು ಬರೆದಿಡಿ. ಹೋದಾಗ ಮಗುವಿನ ಹೆಸರು ಹೇಳಿ ಮಾತಾಡಿ. ಅಣ್ಣನೋ ಅಕ್ಕನೋ ಶಾಲೆಗೆ ಹೋಗುತ್ತಿದ್ದಾರಾ ಎಂದು ವಿಚಾರಿಸಿ. ಮಗುವಿನ ಪುಸ್ತಕ ಅವರಿಗೆ ಬೇಕಾ ಎಂದು ಕೇಳಿ. ಬೇಕೆಂದರೆ ಔಷಧದ ಪುಟಗಳ ಪ್ರತಿ ನಿಮ್ಮ ದಾಖಲೆಗೆ ಇಟ್ಟುಕೊಂಡು, ಪುಸ್ತಕ ಅವರ ಕೈಗೆ ಕೊಡಿ.